ಸುಗಂಧರಾಜ: ನಿಮ್ಮ ಹೊಲಕ್ಕೆ ಯಾವ ತಳಿ?

ಒಮ್ಮೆ ನೆಟ್ಟರೆ ಮೂರು ವರ್ಷ ಜೊತೆಗಿರುವ ಬೆಳೆ ಸುಗಂಧರಾಜ. ತಳಿ ಆಯ್ಕೆ ಸರಿಯಾದರೆ ದಿನಾ ಬೆಳಿಗ್ಗೆ ಕೈಗೆ ನಾಲ್ಕು ಕಾಸು. ತಪ್ಪಿದರೆ ಮೂರು ವರ್ಷವೂ ಕೊಯ್ಲಿನ ಕೂಲಿ ಹುಟ್ಟುವುದು ಕಷ್ಟ. ಧನಗೆರೆ, ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿನ ಸಣ್ಣ ಹಿಡುವಳಿದಾರರಿಗೆ ತಳಿ ಆರಿಸಿಕೊಳ್ಳಲು ಒಂದಿಷ್ಟು ವಿವರ ಇಲ್ಲಿದೆ.

ಕಾಶ್ಮೀರದ ಟ್ಯೂಲಿಪ್ ತೋಟದ ಚಿತ್ರ ಕಂಡವರು ಕೇಳುವ ಮಾತೊಂದಿದೆ: "ಅದೂ ಗಡ್ಡೆ ಹೂವೇ ಅಲ್ವಾ, ನಮ್ಮಲ್ಲಿ ಯಾಕೆ ಬರಬಾರದು?" ಉತ್ತರ ಚಳಿಯಲ್ಲಿದೆ. ಟ್ಯೂಲಿಪ್ ಗಡ್ಡೆಯೊಳಗಿನ ಹೂಕಡ್ಡಿ ಮೇಲೇಳಬೇಕಾದರೆ ಅದು 12ರಿಂದ 16 ವಾರ 9 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಮಲಗಿರಬೇಕು. ಶ್ರೀನಗರದಲ್ಲಿ ದಾಲ್ ಸರೋವರದ ಪಕ್ಕದ ಬೆಟ್ಟದ ಬುಡದಲ್ಲಿ 2007ರಲ್ಲಿ ತೆರೆದ ಟ್ಯೂಲಿಪ್ ತೋಟಕ್ಕೆ ಆ ಚಳಿಯನ್ನು ಹಿಮವೇ ಕೊಡುತ್ತದೆ. ಅಲ್ಲೂ ಹೂ ನಿಲ್ಲುವುದು ಮಾರ್ಚ್-ಏಪ್ರಿಲ್‌ನ ಮೂರು ನಾಲ್ಕು ವಾರ ಮಾತ್ರ. ದೆಹಲಿಯ ರಸ್ತೆ ಬದಿಗೆ ಚಳಿಗಾಲದಲ್ಲಿ ನೆಡುವ ಟ್ಯೂಲಿಪ್‌ಗಳ ಗಡ್ಡೆ ಹಾಲೆಂಡಿನಿಂದ ಬರುತ್ತದೆ. ನಮ್ಮಲ್ಲಿ ಪುಷ್ಯ ಮಾಸದ ಕೊರೆಯುವ ರಾತ್ರಿಯಲ್ಲೂ 15-16 ಡಿಗ್ರಿಯ ಆಸುಪಾಸು. ಹಾಗಾಗಿ ಶೀತಲ ಪೆಟ್ಟಿಗೆಯಲ್ಲಿಟ್ಟ ಗಡ್ಡೆ ತಂದು ಕುಂಡದಲ್ಲಿ ಒಂದು ಸಲ ಹೂ ನೋಡಬಹುದು, ಬೇಸಾಯ ಆಗದು.

ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಗಡ್ಡೆ ಹೂವೆಂದರೆ ಸುಗಂಧರಾಜ. ಕೆಲವರು ನೆಲಸಂಪಿಗೆ ಅಂತಲೂ ಕರೆಯುತ್ತಾರೆ. ಗಡಿಯಾಚೆ ತಮಿಳುನಾಡಿನ ಸತ್ಯಮಂಗಲದ ಹೂವಿನ ಮಂಡಿಯಲ್ಲಿ ಇದೇ ಸಂಪಂಗಿ. ಮೂಲ ಮೆಕ್ಸಿಕೊ ದೇಶ. ನೂರಾರು ವರ್ಷಗಳ ಹಿಂದೆಯೇ ಬಂದು ನಮ್ಮದಾಗಿಬಿಟ್ಟಿದೆ. ಇದಕ್ಕೆ 20ರಿಂದ 32 ಡಿಗ್ರಿ ಹಿತ. ಬಿಸಿಲು 40 ದಾಟಿದರೆ ಹೂಕಡ್ಡಿ ಗಿಡ್ಡವಾಗುತ್ತದೆ, ಹೂ ಸಣ್ಣದಾಗುತ್ತದೆ. ನಮ್ಮ ಕಡೆ ಅಷ್ಟು ಬಿಸಿಲು ಬರುವುದು ಅಪರೂಪ. ಚಳಿ ತಿಂಗಳಲ್ಲಿ ಹೂ ಇಳಿಯುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಟ್ಯೂಲಿಪ್ ಗಡ್ಡೆಗೆ ಹಿಮದ ವಿಶ್ರಾಂತಿ ಬೇಕಾದರೆ ಇದಕ್ಕೆ ಮನೆಯ ಜಗಲಿ ನೆರಳಿನಲ್ಲಿ ಒಂದು ತಿಂಗಳು ಸಾಕು.

ಹವೆ ಒಪ್ಪುತ್ತದೆ ಅಂದಮೇಲೆ ಉಳಿದದ್ದು ತಳಿಯ ಪ್ರಶ್ನೆ. "ಯಾವ ತಳಿ ಹಾಕಿದ್ದೀರಿ?" ಎಂದರೆ "ಸುಗಂಧರಾಜ" ಎಂಬ ಉತ್ತರವೇ ಹೆಚ್ಚು. ಪಕ್ಕದ ಹೊಲದವರು ಕಿತ್ತಾಗ ಕೊಟ್ಟ ಗಡ್ಡೆ, ಹೆಸರು ಗೊತ್ತಿಲ್ಲ. ತಕರಾರು ಶುರುವಾಗುವುದು ಅಲ್ಲೇ.

ಸಿಂಗಲ್ಲು, ಡಬಲ್ಲು

ಸುಗಂಧರಾಜದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಸುತ್ತು ಎಸಳಿರುವುದು ಸಿಂಗಲ್. ಮೂರಕ್ಕಿಂತ ಹೆಚ್ಚು ಸುತ್ತು ಎಸಳು ತುಂಬಿಕೊಂಡಿರುವುದು ಡಬಲ್. ನಡುವಿನದು ಸೆಮಿ ಡಬಲ್.

ಪರಿಮಳ ಹೆಚ್ಚು ಸಿಂಗಲ್‌ಗೆ. ಹಾರಕ್ಕೆ, ದೇವರಿಗೆ, ಸುಗಂಧ ತೈಲಕ್ಕೆ ಹೋಗುವುದು ಇದೇ. ಬಿಡಿ ಹೂವಾಗಿ ಕಿಲೋ ಲೆಕ್ಕದಲ್ಲಿ ಮಾರಾಟ. ಡಬಲ್ ಹೂವಿಗೆ ನೋಟ ಜಾಸ್ತಿ, ಪರಿಮಳ ಕಡಿಮೆ. ಅದು ಹೂದಾನಿಗೆ, ಮದುವೆ ಮಂಟಪಕ್ಕೆ ಕಡ್ಡಿ ಸಮೇತ ಹೋಗಬೇಕು. ಬಿಡಿಸಿ ಕಿಲೋ ಲೆಕ್ಕದಲ್ಲಿ ಮಾರಿದರೆ ಅದರ ಅಂದಕ್ಕೆ ಬೆಲೆ ಸಿಗುವುದಿಲ್ಲ. ಆದ್ದರಿಂದ ತಳಿ ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ: ನನ್ನ ಹೂ ಹೋಗುವುದು ಎಲ್ಲಿಗೆ?

ಮಲೆ ಮಹದೇಶ್ವರ ಬೆಟ್ಟದ ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆ, ಚಿಕ್ಕಲ್ಲೂರು ಜಾತ್ರೆ, ಊರೂರಿನ ದೇವಸ್ಥಾನ, ಕೊಳ್ಳೇಗಾಲದ ಹೂವಿನಂಗಡಿ, ಮೈಸೂರಿನ ದೇವರಾಜ ಮಾರುಕಟ್ಟೆ. ನಮ್ಮ ಸುತ್ತಿನ ಬೇಡಿಕೆಯೆಲ್ಲ ಹೆಚ್ಚುಕಡಿಮೆ ಬಿಡಿ ಹೂವಿನದೇ. ಕಡ್ಡಿ ಹೂವಿಗೆ ಬೆಂಗಳೂರು ಬೇಕು, ಬುಡ ನೀರಿನಲ್ಲಿಟ್ಟು ರಾತ್ರೋರಾತ್ರಿ ಸಾಗಿಸುವ ವ್ಯವಸ್ಥೆ ಬೇಕು. ಬೆಳಗಿನ ಬಸ್ಸನ್ನೇ ನಂಬಿದ ಸಣ್ಣ ರೈತರಿಗೆ ಸಿಂಗಲ್ಲೇ ವಾಸಿ.

ತಳಿಗಳ ಗುಣ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಹೂವಿನಲ್ಲಿ ಬಹಳ ಕೆಲಸ ಮಾಡಿದೆ. ಅಲ್ಲಿಯ ತಳಿಗಳಿಗೆ ಈಗ 'ಅರ್ಕಾ' ಎಂಬ ಮುಂಪದ ಸೇರಿಸಿ ಕರೆಯುತ್ತಾರೆ. ಹೆಸರು ಉದ್ದವಾಗಿದೆ, ಗಡ್ಡೆ ಅದೇ.

ಮೆಕ್ಸಿಕನ್ ಸಿಂಗಲ್, ಕಲ್ಕತ್ತಾ ಸಿಂಗಲ್: ಹಳೆಯ ತಳಿಗಳು. ಹೂ ಬಿಳಿ, ಪರಿಮಳ ಚೆನ್ನ. ಊರಲ್ಲಿ ಕೈಬದಲಾಗುವ ಹೆಸರಿಲ್ಲದ ಗಡ್ಡೆಗಳಲ್ಲಿ ಇಂಥವೇ ಹೆಚ್ಚು. ಇಳುವರಿ ಮಾತ್ರ ಹೊಸ ತಳಿಗಳಿಗಿಂತ ಕಡಿಮೆ.

ಶೃಂಗಾರ್: ಸಿಂಗಲ್ ಮತ್ತು ಡಬಲ್ ತಳಿಗಳನ್ನು ಕೂಡಿಸಿ ಪಡೆದದ್ದು. ಹೂ ಸಿಂಗಲ್, ಕಡ್ಡಿ ಗಟ್ಟಿ. ಮೊಗ್ಗಿನ ತುದಿಗೆ ನಸುಗೆಂಪು. ಒಳ್ಳೆಯ ಆರೈಕೆಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 15 ಟನ್ ಬಿಡಿ ಹೂ ಎಂಬುದು ಸಂಸ್ಥೆಯ ಲೆಕ್ಕ. ಎಕರೆಗೆ 6 ಟನ್ ಆಯಿತು. ಇದರ ದೊಡ್ಡ ಗುಣ ಬೇರೆಯೇ ಇದೆ: ಬೇರುಗಂಟು ಜಂತುಹುಳವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಈ ವಿಷಯಕ್ಕೆ ಮತ್ತೆ ಬರೋಣ.

ಪ್ರಜ್ವಲ್: ಶೃಂಗಾರ್‌ಗೆ ಮೆಕ್ಸಿಕನ್ ಸಿಂಗಲ್ ಕೂಡಿಸಿ ಪಡೆದದ್ದು. ಇದರ ಮೊಗ್ಗಿಗೂ ನಸುಗೆಂಪು ಛಾಯೆ, ಅರಳಿದರೆ ಬಿಳಿ. ಹೂ ಮೆಕ್ಸಿಕನ್ ಸಿಂಗಲ್‌ಗಿಂತ ದೊಡ್ಡದು, ತೂಕ ಬರುತ್ತದೆ. ಶೃಂಗಾರ್‌ಗಿಂತ ನೂರಕ್ಕೆ 20ರಷ್ಟು ಹೆಚ್ಚು ಬಿಡಿ ಹೂ ಕೊಡುತ್ತದೆ ಎನ್ನುತ್ತದೆ ಸಂಸ್ಥೆ. ಬಿಡಿ ಹೂವಿಗೂ ಸರಿ, ಕಡ್ಡಿಗೂ ಸರಿ. ತಮಿಳುನಾಡಿನ ಹೂ ಬೆಳೆಗಾರರಲ್ಲೂ ಬಹಳ ಹರಡಿದ ತಳಿ.

ನಿರಂತರ: ಇದೂ ಸಿಂಗಲ್. ಹೆಸರೇ ಹೇಳುವಂತೆ ಹೆಚ್ಚು ಕಾಲ ಹೂ ಬಿಡುವ ಗುಣಕ್ಕೆ ಆರಿಸಿದ್ದು.

ಸುವಾಸಿನಿ: ಡಬಲ್. ಕಡ್ಡಿ ಉದ್ದ, ಹೂ ತುಂಬು ಬಿಳಿ, ಮೊಗ್ಗು ನಸುಗೆಂಪು.

ವೈಭವ್: ಸೆಮಿ ಡಬಲ್, ಕಡ್ಡಿ ಹೂವಿಗೆಂದೇ ಇರುವುದು. ಮೊಗ್ಗು ಹಸಿರು ಛಾಯೆ. ಸುವಾಸಿನಿಗಿಂತ ಒಂದೂವರೆ ಪಟ್ಟು ಕಡ್ಡಿ ಕೊಡುತ್ತದೆ.

ರಜತರೇಖಾ, ಸ್ವರ್ಣರೇಖಾ: ಲಕ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯವು. ಮೊದಲನೆಯದು ಸಿಂಗಲ್, ಎಲೆಯ ನಡುವೆ ಬೆಳ್ಳಿ ಗೆರೆ. ಎರಡನೆಯದು ಡಬಲ್, ಎಲೆಯ ಅಂಚಿನಲ್ಲಿ ಹೊಂಬಣ್ಣದ ಗೆರೆ. ಮನೆ ಮುಂದಿನ ಚೆಂದಕ್ಕೆ ಸರಿ.

ಗಡ್ಡೆ ನೋಡಿ ತಳಿ ಹೇಳುವುದು ಯಾರಿಂದಲೂ ಆಗದು. ಆದ್ದರಿಂದ ಗಡ್ಡೆ ಕೊಳ್ಳುವ ಮೊದಲು, ಹೂ ಇರುವಾಗಲೇ ಮಾರುವವರ ಹೊಲಕ್ಕೆ ಹೋಗಿ. ಪ್ರಜ್ವಲ್ ಎಂದು ಹೇಳಿದವರ ಹೊಲದಲ್ಲಿ ಮೊಗ್ಗು ಬರೀ ಹಸಿರು-ಬಿಳಿ ಇದ್ದರೆ ಅಲ್ಲಿ ಕೊಳ್ಳಬೇಡಿ. ನಾಲ್ಕು ಗಿಡ ಕೀಳಿಸಿ ಬೇರು ನೋಡುವ ಕೆಲಸವೂ ಅಲ್ಲೇ ಮುಗಿಯಲಿ.

ಕಣ್ಣಿಗೆ ಬೀಳದ ಶತ್ರು

ನಮ್ಮದು ರೇಷ್ಮೆ ಸೀಮೆ. ಹಿಪ್ಪುನೇರಳೆ ಇಲ್ಲದ ಊರು ಕಡಿಮೆ. ಜೊತೆಗೆ ಅರಿಶಿನ, ಟೊಮೆಟೊ, ಬದನೆ. ಈ ಎಲ್ಲ ಬೆಳೆಗೂ ಬರುವ ಒಂದೇ ಶತ್ರು ಬೇರುಗಂಟು ಜಂತುಹುಳ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಇದರ ಕಾಟ ಹೆಚ್ಚು. ಇದೇ ಹುಳ ಸುಗಂಧರಾಜದ ಬೇರಿಗೂ ಹತ್ತುತ್ತದೆ. ಗಿಡ ಸಾಯುವುದಿಲ್ಲ, ಅದೇ ಕೆಟ್ಟದ್ದು. ಎಲೆ ಹಳದಿಯಾಗಿ, ಕಡ್ಡಿ ಗಿಡ್ಡಾಗಿ, ಹೂ ಕಡಿಮೆಯಾಗುತ್ತಾ ಹೋಗುತ್ತದೆ. ಗೊಬ್ಬರ ಸಾಲದು ಅಂತ ನಾವು ಯೂರಿಯಾ ಹಾಕುತ್ತಾ ಹೋಗುತ್ತೇವೆ. ಎರಡನೇ ವರ್ಷ ಮೈತುಂಬಿ ಬರಬೇಕಾದ ಬೆಳೆ ಸೊರಗಿ ನಿಲ್ಲುತ್ತದೆ.

ನೆಡುವ ಮೊದಲೇ ನೆಲ ಪರೀಕ್ಷಿಸಲು ಕಾಸು ಖರ್ಚಿಲ್ಲದ ದಾರಿ ಇದೆ. ಹೊಲದ ನಾಲ್ಕೈದು ಕಡೆಯ ಮಣ್ಣು ತಂದು ಎರಡು ಕುಂಡಕ್ಕೆ ತುಂಬಿ ಟೊಮೆಟೊ ಸಸಿ ನೆಡಿ. ಒಂದೂವರೆ ತಿಂಗಳ ಮೇಲೆ ನಿಧಾನಕ್ಕೆ ಕಿತ್ತು ಬೇರು ತೊಳೆದು ನೋಡಿ. ಬೇರಿನಲ್ಲೆಲ್ಲ ಗಂಟು ಗಂಟು ಕಂಡರೆ ಹುಳ ಇದೆ. ಬೇರು ನೀಟಾಗಿದ್ದರೆ ಸದ್ಯಕ್ಕೆ ಚಿಂತೆ ಬೇಡ.

ಹುಳ ಇದ್ದ ಹೊಲದಲ್ಲಿ ಒಂದು ಬೆಳೆ ಚೆಂಡು ಹೂ ಬೆಳೆದು ಆಮೇಲೆ ಸುಗಂಧರಾಜ ನೆಡುವುದು ಒಳ್ಳೆಯ ಉಪಾಯ. ಚೆಂಡು ಹೂವಿನ ಬೇರು ಈ ಹುಳಕ್ಕೆ ಆಗಿಬರುವುದಿಲ್ಲ. ನೆಡುವಾಗ ಗುಂಟೆಗೆ 10 ಕಿಲೋದಂತೆ ಬೇವಿನ ಹಿಂಡಿ ಮಣ್ಣಿಗೆ ಸೇರಿಸಿ. ತಳಿ ಶೃಂಗಾರ್ ಇರಲಿ. ಹುಳ ಇಲ್ಲದ ನೆಲಕ್ಕೆ ಪ್ರಜ್ವಲ್ ಲಾಭ. ಹೀಗೆ ತಳಿ ನಿರ್ಧಾರ ಮಾಡುವುದು ಹೂವಿನ ಚಿತ್ರ ನೋಡಿ ಅಲ್ಲ, ಟೊಮೆಟೊ ಬೇರು ನೋಡಿ!

ಇನ್ನೊಂದು ಎಚ್ಚರ. ಹುಳ ಹೊಲದಿಂದ ಹೊಲಕ್ಕೆ ಹೋಗುವುದು ಗಡ್ಡೆಯ ಬೇರಿಗೆ, ಮಣ್ಣಿಗೆ ಅಂಟಿಕೊಂಡು. ಬಿಟ್ಟಿ ಸಿಗುತ್ತದೆ ಅಂತ ಹಳೇ ತೋಟದ ಗಡ್ಡೆ ತಂದರೆ ಹುಳವನ್ನೂ ಬಿಟ್ಟಿಯಾಗಿ ತಂದ ಹಾಗೆ. ಅದು ಪಕ್ಕದ ಹಿಪ್ಪುನೇರಳೆಗೂ ದಾಟಿದರೆ ನಷ್ಟ ಎರಡು ಕಡೆ.

ಮಳೆ ನೋಡಿ ನಾಟಿ

ನಮ್ಮಲ್ಲಿ ಮಳೆ ಎರಡು ಸಲ ಜೋರು. ಭರಣಿ-ಕೃತ್ತಿಕೆಯದು ಒಂದು, ಉತ್ತರೆ-ಹಸ್ತ-ಚಿತ್ತೆಯದು ಇನ್ನೊಂದು. ನಡುವೆ ಆಷಾಢದಲ್ಲಿ ಗಾಳಿಯದೇ ಕಾರುಬಾರು.

ನೆಟ್ಟ 90-100 ದಿನಕ್ಕೆ ಹೂ ಶುರು. ಕೃತ್ತಿಕೆ ಮಳೆಯ ಹದಕ್ಕೆ, ಅಂದರೆ ಮೇ ಮಧ್ಯದಲ್ಲಿ ನೆಟ್ಟರೆ ಆಗಸ್ಟ್ ಕೊನೆಯ ಹೊತ್ತಿಗೆ ಮೊದಲ ಕಡ್ಡಿ. ಗೌರಿ-ಗಣೇಶ, ದಸರಾ, ದೀಪಾವಳಿ ಸಾಲಾಗಿ ಸಿಗುತ್ತವೆ. ಬೇಡಿಕೆ ಬಿದ್ದಿರುವ ಆಷಾಢದಲ್ಲಿ ಗಿಡ ಇನ್ನೂ ಎಲೆ ಬೆಳೆಸುತ್ತಿರುತ್ತದೆ. ಗಾಳಿಗೆ ಬೀಳಲು ಕಡ್ಡಿಯೇ ಇರುವುದಿಲ್ಲ. ಎರಡನೇ ವರ್ಷದಿಂದ ಆಷಾಢದಲ್ಲೂ ಕಡ್ಡಿ ಇರುತ್ತದೆ. ಆಗ ತಲೆಭಾರದ ಡಬಲ್ ತಳಿಗೆ ಗಾಳಿಯ ಪೆಟ್ಟು ಜಾಸ್ತಿ, ಗಟ್ಟಿ ಕಡ್ಡಿಯ ಶೃಂಗಾರ್‌ಗೆ ಕಡಿಮೆ.

ಯಳಂದೂರಿನ ಕಡೆ, ನಾಲೆ ಬಯಲಿನ ಜಿಗುಟು ಮಣ್ಣಿನಲ್ಲಿ ಹಸ್ತ-ಚಿತ್ತೆ ಮಳೆಯ ನೀರು ನಿಂತರೆ ಬುಡಕೊಳೆ ಖಂಡಿತ. ಅಂಥಲ್ಲಿ ಏರುಮಡಿ ಬೇಕೇ ಬೇಕು. ಭತ್ತದ ಗದ್ದೆಯ ಮಗ್ಗುಲಲ್ಲಿ ಬಸಿ ನೀರು ಬರುವ ಜಾಗ ಬಿಟ್ಟುಬಿಡಿ. ಹನೂರು ಕಡೆಯ ಕೆಂಪು ನೆಲದಲ್ಲಿ ನೀರು ಬಸಿದುಹೋಗುವುದರಿಂದ ಕೊಳೆ ಕಡಿಮೆ, ಆದರೆ ಬೇಸಿಗೆಯಲ್ಲಿ ನೀರಿನ ಆಸರೆ ಇರಲೇಬೇಕು. ಮಳೆಯನ್ನೇ ನಂಬಿ ಮಾಡುವ ಬೆಳೆ ಇದಲ್ಲ.

ಒಂದು ಗುಂಟೆಯ ಪರೀಕ್ಷೆ

ಎಕರೆಗೆ ಎಷ್ಟು ಗಡ್ಡೆ? ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಡ್ಡೆಯಿಂದ ಗಡ್ಡೆಗೆ ಎಂಟಿಂಚು ಬಿಟ್ಟರೆ ಸುಮಾರು 45 ಸಾವಿರ. ಗಡ್ಡೆ 25 ಗ್ರಾಂ ಅಂದರೂ 11 ಕ್ವಿಂಟಾಲ್. ಸಾಲ ಮಾಡಿ ಇಷ್ಟನ್ನೂ ಒಂದೇ ಸಲ ಕೊಂಡು, ಅದು ನಮ್ಮ ನೆಲಕ್ಕೆ ಹೊಂದಲಿಲ್ಲ ಅಂದರೆ ಏನು ಗತಿ?

ಅದಕ್ಕೇ ಮೊದಲು ಒಂದು ಗುಂಟೆ. ಇದೇ ಅಂತರದಲ್ಲಿ ಗುಂಟೆಗೆ ಸಾವಿರದ ನೂರರಷ್ಟು ಗಡ್ಡೆ ಹಿಡಿಯುತ್ತದೆ. ನಾಲ್ಕು ತಳಿ, ತಲಾ 250 ಗಡ್ಡೆ. ಮೆಕ್ಸಿಕನ್ ಸಿಂಗಲ್ ಅಥವಾ ಊರಿನ ಹಳೇ ಗಡ್ಡೆ, ಶೃಂಗಾರ್, ಪ್ರಜ್ವಲ್, ನಾಲ್ಕನೆಯದಾಗಿ ನಿರಂತರ. ಕಡ್ಡಿ ಮಾರುವ ಆಸೆ ಇದ್ದವರು ನಾಲ್ಕನೆಯದಾಗಿ ವೈಭವ್ ಹಾಕಲಿ. ಊರಿನ ಗಡ್ಡೆ ಹಾಕುವವರು ಅದರ ಬೇರನ್ನು ಮೊದಲು ನೋಡಿಕೊಳ್ಳಲಿ.

ಗಡ್ಡೆ 2ರಿಂದ 3 ಸೆಂಟಿಮೀಟರ್ ದಪ್ಪ ಇರಬೇಕು. ಚಿಕ್ಕದಾದರೆ ಮೊದಲ ವರ್ಷ ಬರೀ ಎಲೆ. ಕಿತ್ತು ಒಂದು ತಿಂಗಳು ನೆರಳಿನಲ್ಲಿ ಹರಡಿಟ್ಟದ್ದಾಗಿರಲಿ. ಹಳೇ ಬೇರು ಕತ್ತರಿಸಿ, ಲೀಟರಿಗೆ 2 ಗ್ರಾಂ ಕಾರ್ಬೆಂಡಾಜಿಂ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ಆರಿಸಿ ನೆಡಿ. ಮೇಲೆ ಒಂದಿಂಚು ಮಣ್ಣು ಸಾಕು.

ಗೊಬ್ಬರದ ಶಿಫಾರಸು ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ, ಸಾರಜನಕ-ರಂಜಕ-ಪೊಟ್ಯಾಷ್ ತಲಾ 200 ಕಿಲೋ. ಗುಂಟೆಗೆ ಇಳಿಸಿದರೆ ಕೊಟ್ಟಿಗೆ ಗೊಬ್ಬರ 250 ಕಿಲೋ, ಸೂಪರ್ ಫಾಸ್ಫೇಟ್ 12ರಿಂದ 13 ಕಿಲೋ, ಪೊಟ್ಯಾಷ್ ಮೂರೂಕಾಲು ಕಿಲೋ, ಯೂರಿಯಾ ನಾಲ್ಕೂಕಾಲು ಕಿಲೋ. ಯೂರಿಯಾದ ಅರ್ಧ ಭಾಗ ನೆಡುವಾಗ, ಉಳಿದದ್ದು ಎರಡು ಮತ್ತು ಮೂರು ತಿಂಗಳಿಗೆ. ಮಣ್ಣು ಪರೀಕ್ಷೆ ಆಗಿದ್ದರೆ ಅದರಂತೆ ಹೆಚ್ಚುಕಡಿಮೆ ಮಾಡಿ. ನಾಲ್ಕು ತಳಿಗೂ ನೀರು, ಗೊಬ್ಬರ ಒಂದೇ ಸಮ ಇರಬೇಕು. ಒಂದಕ್ಕೆ ಪ್ರೀತಿ ಹೆಚ್ಚಾದರೆ ಪರೀಕ್ಷೆ ಕೆಟ್ಟಿತು.

ಮಕ್ಕಳ ಹಳೇ ನೋಟ್ ಪುಸ್ತಕದಲ್ಲಿ ಇಷ್ಟು ಬರೆದಿಡಿ: ಯಾವ ತಳಿ ಯಾವ ದಿನ ಮೊದಲು ಹೂ ಬಿಟ್ಟಿತು. ವಾರಕ್ಕೊಂದು ದಿನ ನಾಲ್ಕನ್ನೂ ಬೇರೆ ಬೇರೆ ಕೊಯ್ದಾಗ ತೂಕ ಎಷ್ಟು. ಆಷಾಢದ ಗಾಳಿಗೆ, ಹಸ್ತದ ಮಳೆಗೆ ಯಾವುದು ನಿಂತಿತು, ಯಾವುದು ಬಿತ್ತು. ಚಳಿಯಲ್ಲಿ ಯಾವುದು ಹೂ ಬಿಟ್ಟಿತು. ಮಂಡಿಯಲ್ಲಿ ಯಾವುದಕ್ಕೆ ಎಷ್ಟು ಕೊಟ್ಟರು. ಇದೊಂದು ವರ್ಷದ ಲೆಕ್ಕ ನಿಮ್ಮ ಹೊಲಕ್ಕೆ ಮಾತ್ರ ಸೇರಿದ್ದು, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಗೆದ್ದ ತಳಿಯ ಗಡ್ಡೆ ಆ ಗುಂಟೆಯಲ್ಲೇ ಮರಿ ಹಾಕಿ ಗುಂಪಾಗುತ್ತಿರುತ್ತದೆ. ಮುಂದಿನ ವಿಸ್ತರಣೆಗೆ ದಪ್ಪನೆಯದನ್ನು ನೆಡಿ, ಚಿಕ್ಕದನ್ನು ಒಂದು ವರ್ಷ ಸಸಿಮಡಿಯಲ್ಲಿ ಬೆಳೆಸಿ.

ರೇಷ್ಮೆ ಇದ್ದವರು ಗಮನಿಸಿ

ಹೂವಿಗೆ ಥ್ರಿಪ್ಸ್, ಹೇನು, ಮೊಗ್ಗು ಕೊರಕ ಬರುತ್ತವೆ. ಸಿಂಪರಣೆಗೆ ಕೈ ಹೋಗುವ ಮೊದಲು ಪಕ್ಕದಲ್ಲಿ ಹಿಪ್ಪುನೇರಳೆ ಇದೆಯಾ ನೋಡಿ. ಗಾಳಿಗೆ ಹಾರಿದ ಔಷಧಿಯ ಹನಿ ಬಿದ್ದ ಸೊಪ್ಪು ತಿಂದರೆ ಇಡೀ ಚಾಕಿ ಹೋಗಬಹುದು. ಬೇವಿನೆಣ್ಣೆ ನಿರಪಾಯ ಅಂದುಕೊಳ್ಳಬೇಡಿ, ರೇಷ್ಮೆ ಹುಳಕ್ಕೆ ಅದೂ ಆಗದು. ಮುಂಗಾರಿನ ಗಾಳಿ ಪಡುವಲಿಂದ ಬೀಸುವುದರಿಂದ ಹೂವಿನ ತಾಕು ಹಿಪ್ಪುನೇರಳೆಯ ಮೂಡಲಿಗಿದ್ದರೆ ವಾಸಿ. ಹಿಂಗಾರಿನಲ್ಲಿ ಗಾಳಿ ತಿರುಗುತ್ತದೆ, ಆಗ ಇನ್ನೂ ಎಚ್ಚರ. ಇಬ್ಬರ ಹೊಲದ ನಡುವೆ ಜಗಳವಾಗಿ ನಿಲ್ಲುವ ವಿಷಯ ಇದು. ಪಕ್ಕದವರು ಹುಳ ಮೇಯಿಸುತ್ತಿದ್ದಾರಾ ಕೇಳಿಯೇ ಸಿಂಪರಣೆ ಮಾಡಿ. ಕೊರಕ ಬಿದ್ದ ಮೊಗ್ಗು ಆರಿಸಿ ತೆಗೆಯುವುದು ಸಣ್ಣ ತಾಕಿನಲ್ಲಿ ಸಾಧ್ಯ.

ಕೊಯ್ಲಿನ ಲೆಕ್ಕ

ಬಿಡಿ ಹೂ ಬಿಸಿಲೇರುವ ಮುಂಚೆ, ಎಂಟು ಗಂಟೆಯೊಳಗೆ ಕೊಯ್ದು ಮುಗಿಯಬೇಕು. ಕಡ್ಡಿಯಾದರೆ ಕೆಳಗಿನ ಒಂದೆರಡು ಹೂ ಅರಳಿದಾಗ ಕತ್ತರಿಸಬೇಕು.

ಎಕರೆಗೆ ವರ್ಷಕ್ಕೆ 6 ಟನ್ ಅಂದರೆ ಕೇಳಲು ದೊಡ್ಡದು. ಹತ್ತು ಗುಂಟೆಗೆ, ದಿನದ ಸರಾಸರಿಗೆ ಇಳಿಸಿದರೆ 4 ಕಿಲೋ. ಸುಗ್ಗಿಯಲ್ಲಿ ಹೆಚ್ಚು, ಚಳಿಯಲ್ಲಿ ಕಡಿಮೆ. ಉದಾಹರಣೆಗೆ ಕಿಲೋಗೆ 40 ರೂಪಾಯಿ ಹಿಡಿದರೆ 160 ರೂಪಾಯಿ. ಅದರಲ್ಲಿ ಮಂಡಿಯ ಕಮಿಷನ್, ಬಸ್ಸಿನ ಲಗೇಜು ಕಳೆಯಬೇಕು. ಕೂಲಿಯಾಳು ಇಟ್ಟು ಕೊಯ್ಸಿದರೆ ಏನೂ ಉಳಿಯದು. ಮನೆಯವರೇ ಎದ್ದು ಕೊಯ್ದರೆ ಉಳಿದದ್ದು ಅವರ ಬೆಳಗಿನ ಸಂಬಳ. ಮನೆಯಲ್ಲಿ ದಿನಾ ಐದು ಗಂಟೆಗೆ ಏಳುವ ಕೈ ಎಷ್ಟಿದೆ ಎಂದು ಎಣಿಸಿ, ಅಷ್ಟಕ್ಕೇ ಹೂ ಹಾಕಿ. ಸಾಮಾನ್ಯವಾಗಿ ಆ ಕೈ ಹೆಂಗಸರದು. ಆದ್ದರಿಂದ ಎಷ್ಟು ಗುಂಟೆ ಎಂಬ ತೀರ್ಮಾನ ಅವರನ್ನು ಕೇಳಿಯೇ ಆಗಲಿ.

ಹಬ್ಬದ ಮರುದಿನ ಬೆಲೆ ಬೀಳುವುದು ಎಲ್ಲ ಹೂವಿಗೂ ಇದ್ದದ್ದೇ. ಸಿಂಗಲ್ ಹೂವಿಗೆ ಮಾತ್ರ ಸುಗಂಧ ತೈಲ ತೆಗೆಯುವ ಕಾರ್ಖಾನೆಗಳ ಇನ್ನೊಂದು ಬಾಗಿಲಿದೆ. ಸತ್ಯಮಂಗಲದ ಕಡೆ ಮಿಕ್ಕಿದ ಹೂ ಹೋಗುವುದು ಅಲ್ಲಿಗೇ. ಕೊಡುವುದು ಕಡಿಮೆ ಬೆಲೆಯೇ ಆದರೂ ತಿಪ್ಪೆಗೆ ಸುರಿಯುವುದಕ್ಕಿಂತ ವಾಸಿ. ನಾಲ್ಕೈದು ಊರಿನವರು ಒಂದೇ ತಳಿ ಬೆಳೆದು ಒಟ್ಟಿಗೆ ಸಾಗಿಸಿದರೆ ಈ ಬಾಗಿಲು ನಮಗೂ ತೆರೆದೀತು.

ಗಡ್ಡೆಗೆ, ಸಲಹೆಗೆ ಹೆಸರಘಟ್ಟದ ಸಂಸ್ಥೆಯನ್ನು, ಇಲ್ಲವೇ ಚಾಮರಾಜನಗರದ ಹರದನಹಳ್ಳಿ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ನಾಟಿಗೆ ಎರಡು ಮೂರು ತಿಂಗಳು ಮೊದಲೇ ಕೇಳಿದರೆ ಒಳ್ಳೆಯದು. ಅಷ್ಟರಲ್ಲಿ ಕುಂಡದ ಟೊಮೆಟೊ ಸಸಿಯ ಬೇರು ನಿಮ್ಮ ನೆಲದ ಸಂಗತಿ ಹೇಳಿರುತ್ತದೆ. ಒಂದು ಗುಂಟೆಯ ಪರೀಕ್ಷೆ ಮಾಡಿದವರು ತಮ್ಮ ತೂಕದ ಲೆಕ್ಕವನ್ನು ಈ ಪುಟಗಳಿಗೆ ಬರೆದು ತಿಳಿಸಿದರೆ ಪಕ್ಕದೂರಿನ ಹತ್ತು ರೈತರಿಗೆ ದಾರಿಯಾದೀತು.